ಒಂಬೈನೂರ ನಲವತ್ತು ಮಾರು ಹಗ್ಗ

ನಗು ಬರುವಂಥದ್ದು ಎಲ್ಲರ ಕೆಲಸದಲ್ಲೂ ಒಮ್ಮೊಮ್ಮೆ ಆಗುತ್ತದೆ. ನಮ್ಮ ಹಗ್ಗದ ಶೆಡ್ಡಿನಲ್ಲಿ ದಿನಾ ಆಗುತ್ತಿತ್ತು. ನಕ್ಕು ಮನೆಗೆ ಹೋದ ಮೇಲೆ ಊಟ ಸೇರುತ್ತಿರಲಿಲ್ಲ, ಅದೊಂದೇ ತೊಂದರೆ.

ಹೊಸ ಕಾರಕೂನ

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಕುಮಟೆಯಲ್ಲಿ ಮೆಟ್ರಿಕ್ ಮುಗಿಸಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದ ನನಗೆ ಹೊನ್ನಾವರದಲ್ಲಿ ಶರಾವತಿ ಹೊಳೆಯನ್ನು ದೋಣಿಯಲ್ಲಿ ದಾಟಿ, ಭಟ್ಕಳ ರಸ್ತೆಯ ಬದಿಗಿದ್ದ ಶೆಡ್ಡೊಂದರಲ್ಲಿ ಕಾರಕೂನನ ಕೆಲಸ ಸಿಕ್ಕಿತು. ತೆಂಗಿನ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕೊಳೆಸಿ, ಬಡಿದು, ನಾರು ತೆಗೆದು ಅಲ್ಲಿ ಹಗ್ಗ ಹೊಸೆಯುತ್ತಿದ್ದರು. ಆ ವಾಸನೆ ಎಂಥದ್ದೆಂದರೆ, ನಾನು ಬಸ್ಸು ಹತ್ತಿದರೆ ಪಕ್ಕದವರು ಎದ್ದು ಹೋಗುತ್ತಿದ್ದರು.

ಶೆಡ್ಡು ಕಟ್ಟಿದವರು ನಿವೃತ್ತ ಮಾಸ್ತರರೊಬ್ಬರು. ಬೇರೆಲ್ಲೂ ಕೆಲಸ ಸಿಗದವರಿಗೆ ಮಾತ್ರ ಅಲ್ಲಿ ಕೆಲಸ. ಊರು ಪೆದ್ದ, ಮರುಳ, ಅರೆ ಎಂದೆಲ್ಲ ಕರೆದು ಮೂಲೆಗೆ ಕೂರಿಸಿದ್ದ ಹನ್ನೊಂದು ಜನ ಅಲ್ಲಿದ್ದರು. ಯಾಕೆ ಸರ್ ಇವರನ್ನೇ, ಎಂದು ಕೇಳಿದೆ.

"ನಾನು ಮೂವತ್ತು ವರ್ಷ ಇಂಥ ಮಕ್ಕಳನ್ನ ವಿದ್ಯೆ ಹತ್ತತಿಲ್ಲೆ ಹೇಳಿ ಶಾಲೆಯಿಂದ ಮನೆಗೆ ಕಳ್ಸಿದ್ದಿ, ತಮಾ. ಮನೇಲಿ ಅವ್ರನ್ನ ಎಂತ ಮಾಡ್ತ ಹೇಳಿ ಒಂದಿನನೂ ಕೇಳಿದ್ನಿಲ್ಲೆ" ಎಂದರು ಮಾಸ್ತರರು.

ರಾಟೆಯ ಹತ್ತಿರ ಕೂತಿದ್ದ ಮೂವತ್ತರ ಆಸುಪಾಸಿನ ಒಬ್ಬ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿಮ್ಮನ್ನ ಎಲ್ಲಿ ಕಟ್ಟಿದ್ರು? ಕಂಬಕ್ಕಾ, ಮರಕ್ಕಾ?" ಎಂದು ಕೇಳಿದ.

ನನಗೆ ತಲೆಬುಡ ತಿಳಿಯಲಿಲ್ಲ. ಮಾಸ್ತರರು ಮೆಲ್ಲಗೆ ಹೇಳಿದರು. ಚಿಕ್ಕವನಿದ್ದಾಗ ಅವನು ನಡೆಯಲು ಹೊರಟರೆ ನಿಲ್ಲುತ್ತಿರಲಿಲ್ಲವಂತೆ. ಮೂರು ಸಲ ಹೊಳೆಯ ಅಂಚಿನಲ್ಲಿ ಸಿಕ್ಕಿದ. ತಾಯಿ ಇಡಗುಂಜಿ ಗಣಪನಿಗೆ ಹರಕೆ ಹೊತ್ತಳು. ಆಮೇಲೆ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದಳು. ಹನ್ನೆರಡು ವರ್ಷ ಹಾಗೆಯೇ ಇದ್ದ. ಲೋಕದಲ್ಲಿ ಎಲ್ಲರನ್ನೂ ಸ್ವಲ್ಪ ಕಾಲ ಕಟ್ಟಿ ಹಾಕುತ್ತಾರೆ, ಬಿಚ್ಚಿದ ಮೇಲೆ ಇಲ್ಲಿಗೆ ಕಳಿಸುತ್ತಾರೆ ಎಂದು ಅವನು ತಿಳಿದಿದ್ದ.

"ನನ್ನನ್ನು ಯಾರೂ ಕಟ್ಟಿರಲಿಲ್ಲ ಮಾರಾಯಾ" ಎಂದೆ.

ಅವನು ರಾಟೆ ನಿಲ್ಲಿಸಿ ಕೇಳಿದ, "ಮತ್ತೆ ಇಲ್ಲಿ ಕೆಲಸ ಹೆಂಗೆ ಸಿಕ್ತು?"

ಸಡಿಲ ಕಟ್ಟಿ

ರಾಟೆಯ ಆ ಹಗ್ಗದವನಷ್ಟು ಸಮನಾಗಿ ಹೊಸೆಯುವವರು ಮೂರು ತಾಲೂಕಿನಲ್ಲಿ ಇರಲಿಲ್ಲ. ಆದರೆ ಕೊಳ್ಳಲು ಬಂದವರನ್ನು ಒಂದು ಪ್ರಶ್ನೆ ಕೇಳದೆ ಹಗ್ಗ ಕೊಡುತ್ತಿರಲಿಲ್ಲ.

"ಯಾರನ್ನ ಕಟ್ಟೂಕೆ?"

"ಎಮ್ಮೇನ" ಎಂದ ಒಬ್ಬ ರೈತ.

"ಎಂತ ಮಾಡ್ತು ಅದು?"

"ಗದ್ದೆಗೆ ಹೋಗಿ ಭತ್ತ ತಿಂತದೆ."

"ಹಸಿವಾದ್ರೆ ತಿನ್ನೂದಲ್ದಾ?" ಎಂದು ಹಗ್ಗವನ್ನು ವಾಪಸು ಒಳಗಿಟ್ಟ. ರೈತ ಬಾವಿಗೆ ಬೇಕು ಎಂದು ಸುಳ್ಳು ಹೇಳಿ ನನ್ನ ಕೈಯಿಂದ ಒಯ್ಯಬೇಕಾಯಿತು.

ಭಟ್ಕಳದ ಸಾಹೇಬರೊಬ್ಬರು ತಮ್ಮ ಮಚವೆಗೆ ಹಗ್ಗ ಕೇಳಿಕೊಂಡು ಬಂದರು. ಸರಕು ಸಾಗಿಸುವ ದೊಡ್ಡ ಹಾಯಿದೋಣಿ ಅದು. ಅವರಿಗೂ ಅದೇ ಪ್ರಶ್ನೆ. ಸಾಹೇಬರು ಸಮಾಧಾನದ ಮನುಷ್ಯ. "ನಾವು ಇಲ್ದಾಗ ಅದು ಸಮುದ್ರಕ್ಕೆ ಹೋಗ್ಬಿಡ್ತದೆ ಭಾಯ್, ಅದ್ಕೆ ಕಟ್ಟುದು" ಎಂದರು.

"ನಾನೂ ಹಂಗೇ ಹೋತಿದ್ದೆ. ಸಡಿಲ ಕಟ್ಟಿ. ಗಟ್ಟಿ ಕಟ್ಟಿದ್ರೆ ಗಾಯ ಆತದೆ."

ಸಾಹೇಬರು ಆಗಲಿ ಎಂದು ಮಾತು ಕೊಟ್ಟರು. ತಿಂಗಳ ಮೇಲೆ ಮತ್ತೆ ಬಂದರು. "ಏನು ಹೇಳುದು ಕಾರಕೂನ್ರೆ, ಇವನ ಮಾತು ಕೇಳಿ ನಮ್ಮ ಜನ ಸಡಿಲ ಕಟ್ಟಿದ್ರು. ಬೆಳಿಗ್ಗೆ ನೋಡಿದ್ರೆ ಮಚವೆ ಇಲ್ಲ! ಸಮುದ್ರದ ನಡು ನೇತ್ರಾಣಿ ಗುಡ್ಡದ ಹತ್ರ ಸಿಕ್ತು."

ನಾನು ನಾಚಿ ತಲೆ ತಗ್ಗಿಸಿದೆ. ಅವನು ಮಾತ್ರ ಹೊಸೆಯುತ್ತಲೇ ಕೇಳಿದ, "ಗಾಯ ಆಗ್ಲಿಲ್ಲ ಅಲ್ದಾ?"

ಅಧಿಕಾರಿಗೆ ಗೌರವ

ಕುಮಟೆಯ ಕಚೇರಿಯಿಂದ ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿ ತನಿಖೆಗೆ ಬರುತ್ತಿದ್ದರು. ಅವರು ಸೈ ಎಂದರೆ ಶೆಡ್ಡು ಇನ್ನೊಂದು ವರ್ಷ ಉಸಿರಾಡುತ್ತಿತ್ತು. ಇಲ್ಲವೆಂದರೆ ಹನ್ನೊಂದು ಜನ ಹನ್ನೊಂದು ಮೂಲೆಗೆ ವಾಪಸು. ಆ ದಿನ ಬಂತೆಂದರೆ ಮಾಸ್ತರರಿಗೆ ಗಂಜಿಯೂ ಇಳಿಯುತ್ತಿರಲಿಲ್ಲ.

ನಾರು ಬಿಡಿಸುವ ಹೆಂಗಸೊಬ್ಬಳಿದ್ದಳು. ಮಾತು ಕಡಿಮೆ. ಗೋಡೆಯ ಪಕ್ಕದ ಒಂದು ಮಣೆ ಅವಳದು, ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಅಧಿಕಾರಿ ಬಂದವರೇ, ಕುರ್ಚಿ ತರುವ ಮೊದಲೇ ಆ ಮಣೆಯ ಮೇಲೆ ಕೂತುಬಿಟ್ಟರು. ಅವಳು ಎದ್ದು ಎದುರಿಗೆ ನಿಂತಳು. ಒಂದು ತಾಸು ಕಣ್ಣು ಮಿಟುಕಿಸದೆ ನಿಂತೇ ಇದ್ದಳು. ಈಗ ಕಿರುಚುತ್ತಾಳೆ, ಈಗ ಕಿರುಚುತ್ತಾಳೆ ಎಂದು ನನ್ನ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು.

"ಏನು ವಿನಯ! ನಮ್ಮ ಕಚೇರಿಯ ಜವಾನರೂ ಹೀಗೆ ನಿಲ್ಲುವುದಿಲ್ಲ" ಎಂದ ಅಧಿಕಾರಿ, ಕೆಲಸಗಾರರ ಶಿಸ್ತು ಮಾದರಿಯಾಗಿದೆ ಎಂದು ಪುಸ್ತಕದಲ್ಲಿ ಬರೆದು ಎದ್ದರು. ಅವರು ಹೊಸ್ತಿಲು ದಾಟುವುದರೊಳಗೆ ಅವಳು ಆ ಮಣೆಯನ್ನು ಬಾವಿಕಟ್ಟೆಗೆ ಒಯ್ದು ಏಳು ಕೊಡ ನೀರು ಹಾಕಿ ತೊಳೆದಳು.

ರಸ್ತೆಗೆ ಅಳತೆ

ಒಂದು ದಿನ ಹಗ್ಗದವನು ಶೆಡ್ಡಿನ ಬಾಗಿಲಿನಿಂದ ರಸ್ತೆ ಅಳೆಯಲು ಶುರುಮಾಡಿದ. ಹಗ್ಗವನ್ನು ಅಳೆಯುವುದು ಮಾರಿನ ಲೆಕ್ಕದಲ್ಲಿ, ಎರಡೂ ಕೈ ಚಾಚಿದರೆ ಒಂದು ಮಾರು. ಅವನು ರಸ್ತೆಯಲ್ಲಿ ಮಂಡಿಯೂರಿ, ಕೈ ಚಾಚಿ, ಗುರುತು ಹಾಕಿ ಮುಂದೆ ಸರಿಯುತ್ತಿದ್ದ. ತನ್ನ ಮನೆಯವರೆಗೆ ಅಳೆಯಬೇಕಂತೆ.

ಭಟ್ಕಳದ ಬಸ್ಸು ಬಂದು ಹಾರ್ನು ಹೊಡೆಯಿತು. ಕಂಡಕ್ಟರ್ ಇಳಿದು ಬೈದ. ಬೈಗುಳದಲ್ಲಿ ಎಣಿಕೆ ತಪ್ಪಿತು. ಅವನು ಎದ್ದು ಮತ್ತೆ ಶೆಡ್ಡಿನಿಂದ ಶುರುಮಾಡಿದ. ಹೀಗೆ ನಾಲ್ಕು ದಿನ ಆಯಿತು. ಐದನೆಯ ದಿನ ಕಂಡಕ್ಟರನೇ ಸೋತು, ಬಸ್ಸು ನಿಲ್ಲಿಸಿ, ಅವನ ಹಿಂದೆ ಮನೆಯವರೆಗೂ ಎಣಿಸುತ್ತ ನಡೆದ. ಒಂಬೈನೂರ ಮೂವತ್ತೆಂಟು ಆಯಿತು.

ಬಸ್ಸಿನಲ್ಲಿದ್ದವರು ಇದನ್ನು ಸರಕಾರದ ಅಳತೆ ಎಂದುಕೊಂಡರು. "ಅಂತೂ ಶರಾವತಿಗೆ ಸೇತುವೆ ಆತದೆ" ಎಂದು ಭಟ್ಕಳದವರೆಗೆ ಸುದ್ದಿ ಹಬ್ಬಿತು. ಒಬ್ಬರು ಅವನ ಕೈಗೆ ಅರ್ಜಿಯನ್ನೇ ಕೊಟ್ಟು ಹೋದರು.

"ಅಳತೆ ಯಾಕೋ?" ಎಂದು ನಾನು ಕೇಳಿದೆ.

"ಬೇಕಾತದೆ" ಎಂದ.

ಅಂದಿನಿಂದ ಸಂಜೆ ಕೆಲಸ ಬಿಟ್ಟ ಮೇಲೆ ಉಳಿದ ಚೂರುಪಾರು ನಾರಿನಲ್ಲಿ ತೆಳ್ಳಗಿನ ಒಂದು ಹುರಿ ಹೊಸೆಯತೊಡಗಿದ. ಎರಡು ವರ್ಷದಲ್ಲಿ ಮೂಲೆಯ ಸುರುಳಿ ಸೊಂಟದೆತ್ತರ ಆಯಿತು. ಮಾರಿಬಿಡೋಣ ಎಂದೆ. "ಅದು ಅವಂದು. ನೀ ಮುಟ್ಟಡ" ಎಂದರು ಮಾಸ್ತರರು. ಅವರಿಗೆ ಗೊತ್ತಿತ್ತೋ ಏನೋ. ಅರ್ಜಿ ಕೊಟ್ಟವರು ಮಾತ್ರ ಸೇತುವೆ ಎಲ್ಲಿಗೆ ಬಂತು ಎಂದು ಅವನನ್ನೇ ಕೇಳುತ್ತಿದ್ದರು. "ಅರ್ಧ ಆತು" ಎನ್ನುತ್ತಿದ್ದ ಅವನು, ಸುರುಳಿ ತೋರಿಸಿ.

ಬೀಗ

ಮಾಸ್ತರರು ಒಂದು ಮಧ್ಯಾಹ್ನ ಊಟಕ್ಕೆ ಕೂತಲ್ಲೇ ಹೋಗಿಬಿಟ್ಟರು. ನಡೆಸುವವರು ಇಲ್ಲದ ಶೆಡ್ಡನ್ನು ಮುಚ್ಚಿ ಎಂದು ಕಚೇರಿಯಿಂದ ಕಾಗದ ಬಂತು. ನಾನು ನಡೆಸಬಹುದಿತ್ತು. ಕುಮಟೆಯಲ್ಲಿ ಬೇರೆ ಕೆಲಸ ಸಿಕ್ಕಿತ್ತು, ಧೈರ್ಯ ಇರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಮನೆಯವರು ಒಬ್ಬೊಬ್ಬರೇ ಬಂದು ತಮ್ಮವರನ್ನು ಕರೆದುಕೊಂಡು ಹೋದರು. ಆ ಹೆಂಗಸು ಮಣೆಯನ್ನು ಎದೆಗೆ ಅವಚಿಕೊಂಡು ಹೋದಳು. ಕೊನೆಗೆ ಹಗ್ಗದವನ ಅಣ್ಣ ಬಂದ. ತಾಯಿ ತೀರಿಕೊಂಡು ವರ್ಷವಾಗಿತ್ತು.

"ದಿನಾ ಗದ್ದೆಗೆ ಹೋಗೂರು ನಾವು. ಇವನ್ನ ನೋಡೂಕೆ ಯಾರಿದ್ರು? ಹೊಳೆಗೆ ಬಿದ್ರೆ ಎಂತ ಮಾಡೂದು, ಒಡೆಯಾ?" ಎಂದ ಅಣ್ಣ. ಆಮೇಲೆ ನೆಲ ನೋಡುತ್ತ, "ಒಂದು ಹಗ್ಗ ಕೊಡಿ" ಎಂದ.

ನಾನು ಲೆಕ್ಕದ ಪುಸ್ತಕ ತಿರುವುತ್ತ ಕೂತೆ. ಹಗ್ಗದವನೇ ಎದ್ದು ಬಂದು ಎಂದಿನಂತೆ ಕೇಳಿದ, "ಯಾರನ್ನ ಕಟ್ಟೂಕೆ?"

ಅಣ್ಣ ಹೆಗಲ ಪಂಜೆಯನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಹಗ್ಗದವನು ಮೂಲೆಯ ಸುರುಳಿಯನ್ನು ದರದರ ಎಳೆದು ತಂದ. "ಇದು ತಕಳಿ. ಒಂಬೈನೂರ ನಲವತ್ತು ಮಾರು ಅದೆ" ಎಂದ. ಇಷ್ಟುದ್ದದ ಹಗ್ಗ ಯಾಕೋ ಎಂದು ಅಣ್ಣ ನಕ್ಕ. ನಗುತ್ತಲೇ ಇದ್ದವನು ಮುಖ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತ.

ಮರುದಿನ ಬೆಳಿಗ್ಗೆ ಬೀಗ ಹಾಕಲು ಹೋದೆ. ದೂರದಲ್ಲಿ ಭಟ್ಕಳದ ಬಸ್ಸು ನಿಂತಿತ್ತು. ಕಂಡಕ್ಟರ್ ಒಂದು ಹುರಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದ, ಬಸ್ಸು ಅದರಡಿಯಲ್ಲಿ ಮೆಲ್ಲಗೆ ನುಸುಳುತ್ತಿತ್ತು. ಈಚೆ ಬದಿಯಲ್ಲಿ ನಮ್ಮ ಹಗ್ಗದವನು ತಲೆಯ ಮೇಲಿನ ಸುರುಳಿ ಬಿಚ್ಚಿಬಿಚ್ಚಿ ಬಿಡುತ್ತ ಬರುತ್ತಿದ್ದ. ಹುರಿಯ ಒಂದು ತುದಿ ಮನೆಯ ಕಂಬಕ್ಕೆ, ಇನ್ನೊಂದು ಅವನ ಸೊಂಟಕ್ಕೆ. ಅಣ್ಣನಿಗೆ ಕಟ್ಟಲು ಮನಸ್ಸು ಬರಲಿಲ್ಲವಂತೆ, ಇವನೇ ಹಟ ಹಿಡಿದು ಕಟ್ಟಿಸಿಕೊಂಡಿದ್ದ. ಬಾಗಿಲಿಗೆ ಬರುವಾಗ ಕೈಯಲ್ಲಿ ಎರಡೇ ಮಾರು ಉಳಿದಿತ್ತು.

"ಇದು ಒಳಗೆ ರಾಟೆವರೆಗೆ ಹೋಗೂಕೆ" ಎಂದ.

"ಶೆಡ್ಡು ಮುಚ್ಚಿತು ಮಾರಾಯಾ" ಎಂದೆ.

ಅವನು ನನ್ನ ಕೈಯ ಬೀಗ ನೋಡಿದ, ಬಾಗಿಲು ನೋಡಿದ, ಹಿಂದೆ ಮನೆಯವರೆಗೆ ಬಿದ್ದಿದ್ದ ಹಗ್ಗ ನೋಡಿದ. ಆಮೇಲೆ ನನಗೆ ಬುದ್ಧಿ ಹೇಳುವವನಂತೆ ಹೇಳಿದ, "ಆತು, ಮುಚ್ಚಿ. ಆದ್ರೆ ನಾ ಒಳಗೆ ಹೋದ ಮೇಲೆ ಬಾಗಿಲು ಸ್ವಲ್ಪ ತೆಗ್ದಿಡಿ ಕಾರಕೂನ್ರೆ. ಹಗ್ಗ ಸಿಕ್ಕಿಬಿದ್ರೆ ಸಂಜಿಗೆ ಅಣ್ಣ ನನ್ನ ಮನೆಗೆ ಎಳೆಯೂದು ಹೆಂಗೆ?"