ಸಂದಿ ಬಾಯಲ್ಲಿ ಮಾವನ ಹಕ್ಕು

ಹಿಂದೂಪುರದ ಆಟೊದವರು ಪೊಲೀಸರಿಗೆ ಹೆದರುತ್ತಾರೋ ಇಲ್ಲವೋ, ನಮ್ಮ ಸೋದರಮಾವನ ಸೈಕಲ್ ಬೆಲ್ಲಿಗಂತೂ ಹೆದರುತ್ತಾರೆ!

ಮಾವ ಪರಿಗಿ ರಸ್ತೆಯ ಅಂಚಿನ ಬಿಳಿ ಗೆರೆಯಾಚೆ ಸೈಕಲ್ ತುಳಿಯುತ್ತಾರೆ. ಆ ಮೊಳದಗಲದ ಜಾಗ ಸೈಕಲ್ಲಿನವರದ್ದೇ ಎಂದು ಅವರ ತೀರ್ಮಾನ. ಯಾರು ಬರೆದುಕೊಟ್ಟರೋ! ಎಡಗಡೆಯಿಂದ ಸಂದಿ ಬಂದು ಕೂಡುವ ಕಡೆಯೂ ನೇರ ಹೋಗುವವನಿಗೇ ಮೊದಲ ದಾರಿಯಂತೆ. ಸಂದಿಯಿಂದ ಬರುವವನು ಮಂತ್ರಿಯಾದರೂ ಕಾಯಬೇಕಂತೆ. ನಿಯಮವೇನೋ ಸರಿಯೇ. ಆದರೆ ಅದನ್ನು ನಂಬಿ ಪೆಡಲ್ ತುಳಿಯುವ ಧೈರ್ಯ ಬೇರೆ ಯಾರಿಗಿದೆ?

ಒಮ್ಮೆ ಸಂದಿಯಿಂದ ನುಗ್ಗಿದ ಆಟೊ ಮಾವನ ಚಕ್ರಕ್ಕೆ ಗೇಣು ದೂರದಲ್ಲಿ ನಿಂತಿತು.

“ಏಂ ಪೆದ್ದಾಯನಾ, ವಸಿ ಪಕ್ಕಕ್ಕೆ ಹೋಗ್ಬಾರ್ದಾ?” ಎಂದ ಆಟೊದವನು, ‘ಹಿರಿಯರೇ’ ಎಂಬುದನ್ನು ತೆಲುಗಿನಲ್ಲಿ ಹೇಳಿ.

“ನಾನ್ಯಾಕ್ ಹೋಗ್ಲಿ? ನೀನು ಸಂದಿಯೋನು, ನಾನು ರೋಡಿನೋನು. ಹಿಂದ್ಕೆ ತಗೊಳ್ಳಪ್ಪ!”

ಕೊನೆಗೆ ಆಟೊದೊಳಗಿದ್ದ ಅಜ್ಜಿಯೇ, “ತಗೊಳ್ಳೋ ನಾಯನಾ, ಈಯಪ್ಪ ಬಿಡೋನಲ್ಲ” ಎಂದಳು. ಆಟೊ ಹಿಂದೆ ಸರಿಯಿತು.

ಇನ್ನೊಂದು ದಿನ ಅದೇ ಸಂದಿಯಿಂದ ಎಮ್ಮೆಯೊಂದು ಬಂತು. ಮಾವ ಬೆಲ್ ಹೊಡೆದರು. ಎಮ್ಮೆ ನಿಂತು ಅವರನ್ನೇ ನೋಡಿತು. ಮಾವ ಇಳಿದು ದಾರಿ ಬಿಟ್ಟರು! ನಾನು ನಕ್ಕಿದ್ದಕ್ಕೆ, “ಅದು ಲೈಸೆನ್ಸ್ ತಗೊಂಡಿಲ್ಲ ಕಣಪ್ಪ, ರೂಲ್ಸ್ ಹೆಂಗ್ ಗೊತ್ತಾಯ್ತದೆ?” ಎಂದುಬಿಟ್ಟರು.

ಈಚೆಗೆ ಮಾವ, ಅತ್ತೆ, ನಾನು ಬಸ್ಸು ಹತ್ತಿ ಕಲ್ಯಾಣದುರ್ಗದಲ್ಲಿರುವ ಅತ್ತೆಯ ಅಕ್ಕನ ಮನೆಗೆ ಹೋಗಿದ್ದೆವು. ಅಲ್ಲಿದ್ದ ಎರಡು ಸೈಕಲ್ ಇಸಿದುಕೊಂಡು ಪೇಟೆಗೆ ಹೊರಟೆವು. ಅತ್ತೆ ಮಾವನ ಕ್ಯಾರಿಯರ್ ಮೇಲೆ ಎಡಕ್ಕೆ ಕಾಲು ಇಳಿಬಿಟ್ಟು ಕೂತರು. ನಾನು ಹಿಂದೆ.

ಸಂದಿಯೊಂದರಿಂದ ಜನ ತುಂಬಿದ ಜೀಪು ಮೂತಿ ಹೊರಗೆ ಹಾಕಿತು. ಈ ಊರಿನವರಿಗೆ ಮಾವನ ಪರಿಚಯವಿಲ್ಲ, ಇವತ್ತು ಏನಾಗುತ್ತದೋ ಎಂಬ ಕುತೂಹಲದಲ್ಲಿ ನಾನು ಬ್ರೇಕ್ ಹಿಡಿದೆ. ಮಾವ ಕಾಲೂರಿ ನಿಂತರು. ಕೈ ಬೀಸಿ ಜೀಪಿಗೆ ದಾರಿ ಕೊಟ್ಟರು! ಮುಂದಿನ ಸಂದಿ ಖಾಲಿಯಿತ್ತು. ಅಲ್ಲೂ ನಿಂತು, ಕತ್ತು ಚಾಚಿ ಒಳಗೆ ನೋಡಿದ ಮೇಲೇ ಹೊರಟರು. ಅದರ ಮುಂದಿನದರಲ್ಲೂ ಹಾಗೇ. ನನಗೆ ತಡೆಯಲಾಗಲಿಲ್ಲ. ಪಕ್ಕಕ್ಕೆ ಹೋಗಿ ಕೇಳಿದೆ:

“ಏನ್ ಮಾವ, ಕಲ್ಯಾಣದುರ್ಗಕ್ಕೆ ರೂಲ್ಸ್ ಬೇರೆನಾ?”

ಮಾವ ದನಿ ತಗ್ಗಿಸಿದರು. “ರೂಲ್ಸ್ ಅದೇ ಕಣಪ್ಪ. ಹಕ್ಕೂ ನಂದೇ. ಆದ್ರೆ ಸಂದಿ ಕಡೀಕೆ ಕಾಲ್ ಬಿಟ್ಕೊಂಡು ಕೂತಿರೋಳು ನಿಮ್ಮತ್ತೆ ಅಲ್ವಾ?”

“ಏನಂದ್ರಿ?” ಎಂದರು ಅತ್ತೆ, ಹಿಂದಿನಿಂದ.

“ಏನಿಲ್ಲ, ಗಟ್ಟಿಗ್ ಹಿಡ್ಕೊ” ಎಂದು ಮಾವ ಮೆಲ್ಲಗೆ ಪೆಡಲ್ ಒತ್ತಿದರು.