ಬಿಸಿಲು ಕಾಯಿಸಿದ ನೀರು

ಕೆಲವರು ಜನರನ್ನು ನಗಿಸಬೇಕು ಅಂತ ಕಷ್ಟಪಟ್ಟು ಮಾತು ಹುಡುಕುತ್ತಾರೆ. ನನಗೆ ಆ ತಾಪತ್ರಯ ಇರಲಿಲ್ಲ. ನಾನು ಮುಖ ಗಂಟಿಕ್ಕಿಕೊಂಡು ಏನಾದರೂ ಮಾಡಲು ಹೊರಟರೆ ಸಾಕು, ನಗುವುದಕ್ಕೆ ಊರೇ ಬಂದು ಸೇರುತ್ತಿತ್ತು. ಯುದ್ಧದ ಆ ವರ್ಷಗಳಲ್ಲಿ ನಾನು ಮಿಡಿಗೇಶಿಯಲ್ಲಿ ಮೇಷ್ಟರಾಗಿದ್ದೆ. ಆಗ ಎಲ್ಲಕ್ಕಿಂತ ಹೆಚ್ಚು ನಗಿಸಿದ್ದು ನಾನು ಮಾಡಿದ ಒಂದು ನೀರಿನ ಪೆಟ್ಟಿಗೆ.

ಅದನ್ನು ಮಾಡಿದ್ದು ಮಾತ್ರ ನಗುವ ಕಾರಣಕ್ಕಲ್ಲ. ನನ್ನ ಹೆಂಡತಿಗೆ ಕೀಲುವಾತ. ಮೂರನೆಯ ಕೂಸೂ ಹುಟ್ಟಿದ ವಾರಕ್ಕೇ ಹೋದ ಮೇಲೆ ಹಿಡಿದದ್ದು ಬಿಡಲಿಲ್ಲ. ತಣ್ಣೀರು ಸೋಕಿದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಮಧುಗಿರಿಯ ಡಾಕ್ಟರು ಮೊಣಕಾಲು ಒತ್ತಿ ನೋಡಿ, "ದಿನಾ ಬಿಸಿನೀರಿನ ಸ್ನಾನ ತಪ್ಪಿಸಬೇಡಿ. ಔಷಧಿ ಸದ್ಯಕ್ಕೆ ಎಲ್ಲೂ ಸಿಗೋದಿಲ್ಲ" ಎಂದರು. ಅವಳು ಸ್ನಾನವಾಗದೆ ಲಿಂಗಪೂಜೆ ಮಾಡುವವಳಲ್ಲ, ಪೂಜೆಯಾಗದೆ ತುತ್ತು ಮುಟ್ಟುವವಳಲ್ಲ. ಬಿಸಿನೀರಿಲ್ಲದ ದಿನ ಉಪವಾಸವೇ. ಸೌದೆ ಗಾಡಿಗಳೆಲ್ಲ ಪಟ್ಟಣದ ದಾರಿ ಹಿಡಿದಿದ್ದವು. ನಮಗೆ ಒಂದು ಹೊತ್ತಿನ ಮುದ್ದೆ ಬೇಯುವಷ್ಟು ಸಿಕ್ಕರೆ ಪುಣ್ಯ.

ಒಂದು ಮಧ್ಯಾಹ್ನ ಅಂಗಳದಲ್ಲಿ ಮರೆತು ಬಿಟ್ಟಿದ್ದ ತಾಮ್ರದ ಚೊಂಬಿಗೆ ಕೈ ಹಾಕಿದೆ. ಚುರ್ ಅಂದಿತು. ನಮ್ಮ ಸೀಮೆಯಲ್ಲಿ ಮಳೆಗೆ ಬರ ಇರಬಹುದು, ಬಿಸಿಲಿಗೆ ಏನು ಬರ? ಸೀಮೆಎಣ್ಣೆ ಡಬ್ಬವೊಂದಕ್ಕೆ ಕಪ್ಪು ಬಳಿದು, ಮರದ ಪೆಟ್ಟಿಗೆಯಲ್ಲಿಟ್ಟು, ಸುತ್ತ ಕಡಲೆಕಾಯಿ ಸಿಪ್ಪೆ ತುಂಬಿ, ಮೇಲೊಂದು ಗಾಜು ಮುಚ್ಚಿದರೆ ಒಳಗೆ ಹೊಕ್ಕ ಬಿಸಿ ಹೊರಗೆ ಬರಲಾರದು ಅಂತ ಅಂದಾಜು ಮಾಡಿದೆ.

ಗಾಜು

ಡಬ್ಬ ಸಿಕ್ಕಿತು, ಪೆಟ್ಟಿಗೆ ಸಿಕ್ಕಿತು, ಗಾಜು ಸಿಗಲಿಲ್ಲ. ಶಿರಾಕ್ಕೆ ಹೋಗಿ, ಪಟಗಳಿಗೆ ಕಟ್ಟು ಹಾಕುವ ಸಾಬರ ಅಂಗಡಿಯಲ್ಲಿ ಕೇಳಿದೆ.

"ಯಾವ ದೇವ್ರು ಮೇಷ್ಟ್ರೇ?" ಎಂದರು ಸಾಬರು.

"ದೇವರ ಪಟಕ್ಕಲ್ಲ."

ಅವರು ದನಿ ತಗ್ಗಿಸಿದರು. "ಹಂಗಾದ್ರೆ ತೀರ್ಕೊಂಡೋರು ಯಾರು?"

"ಯಾರೂ ತೀರಿಕೊಂಡಿಲ್ಲ. ಬಿಸಿಲಿಗೆ ಇಡೋಕೆ."

ಸಾಬರು ಕೈಲಿದ್ದ ಸುತ್ತಿಗೆ ಕೆಳಗಿಟ್ಟರು. "ಬಿಸಿಲಿಗೆ ಕಟ್ಟು ಹಾಕ್ಸೋ ಗಿರಾಕಿ ಇವತ್ತೇ ಬಂದಿದ್ದು. ಆದ್ರೆ ಗಾಜೆಲ್ಲಿದೆ? ಲಡಾಯಿ ಸುರುವಾದ್ಮೇಲೆ ದೇವ್ರುಗಳ್ನೂ ಬರೀ ಮೈಯಲ್ಲೇ ಕಳಿಸ್ತಾ ಇದೀನಿ."

ಬರಿಗೈಯಲ್ಲಿ ಬಂದೆ. ಮಾರನೆಯ ದಿನ ನನ್ನ ಹೆಂಡತಿ ತವರಿನಿಂದ ತಂದಿದ್ದ ದೊಡ್ಡ ಕನ್ನಡಿಯನ್ನು ಗೋಡೆಯಿಂದ ಇಳಿಸಿ ನನ್ನ ಮುಂದಿಟ್ಟಳು.

"ಹಿಂದಿನ ರಸ ಕೆರೆದ್ಬುಡಿ. ಗಾಜಾಯ್ತದೆ."

"ಮದುವೆ ಕನ್ನಡಿ ಕಣೇ ಅದು."

"ಈ ಮುಖ ನೋಡಿ ನೋಡಿ ನಂಗೂ ಸಾಕಾಗೈತೆ. ಇನ್ಮೇಲೆ ಬೇಕಾದ್ರೆ ಆ ಸೂರ್ಯ ನೋಡ್ಕೊಳ್ಲಿ."

ಎರಡು ದಿನ ಕೂತು ಕೆರೆದೆ. ಅವಳು ಆ ಕಡೆ ಬರಲಿಲ್ಲ.

ವಾಸನೆ

ಡಬ್ಬವನ್ನು ಬೂದಿ ಹಾಕಿ ಮೂರು ಸಲ, ಹುಣಸೆಹಣ್ಣು ಹಾಕಿ ಎರಡು ಸಲ ಉಜ್ಜಿದ್ದೆ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ನೀರು ಹದವಾಗಿ ಕಾದಿತ್ತು. ನಾನೇ ಬಚ್ಚಲಿಗೆ ಹೊತ್ತು ಕೊಟ್ಟೆ. ಸ್ನಾನ ಮುಗಿಯುವ ಹೊತ್ತಿಗೆ ಹೊರಗಿನಿಂದ ಕೂಗಿ ಕೇಳಿದೆ, "ಪೂಜೆಗೆ ದೀಪ ಹಚ್ಚಲೇನೇ?"

"ನಾನು ದೂರ ಹೋಗಿ ಕೂತ್ಕೊಳ್ಳೋಗಂಟ ಹಚ್ಬ್ಯಾಡಿ!" ಒಳಗಿನಿಂದ ದನಿ ಬಂತು. "ಊರಿಗೆಲ್ಲಾ ಸೀಮೆಎಣ್ಣೆ ಇಲ್ಲ, ನಾನೊಬ್ಳು ಮೈಗೆಲ್ಲಾ ಹಚ್ಕಂಡು ನಿಂತಿವ್ನಿ!"

ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ಕೇಳಿ ವರ್ಷವಾಗಿತ್ತು. ಅರ್ಧ ಗಂಟೆಗೆ ಪಕ್ಕದ ಮನೆಯಾಕೆ ಬುಡ್ಡಿದೀಪ ಹಿಡಿದುಕೊಂಡು, ಮೂಗು ಮೇಲೆ ಮಾಡಿಕೊಂಡು ಬಾಗಿಲಿಗೆ ಬಂದಳು.

"ಮೇಷ್ಟ್ರೇ, ನಿಮ್ಮನೆಗೆ ಸೀಮೆಎಣ್ಣೆ ಬಂದಂಗೈತೆ. ಒಂದ್ಬುಡ್ಡಿ ಕೊಡಿ."

"ಸೀಮೆಎಣ್ಣೆ ಅಲ್ಲ ಕಣಮ್ಮ," ಎಂದೆ. "ಅದು ನನ್ನ ಹೆಂಡತಿ."

ಬೆಳಗು

ವಾಸನೆ ವಾರದಲ್ಲಿ ಹೋಯಿತು. ಇನ್ನೊಂದು ತೊಡಕು ಉಳಿಯಿತು. ನೀರು ಕಾಯುವುದು ಹೊತ್ತು ನೆತ್ತಿಯಿಂದ ಇಳಿದ ಮೇಲೆ. ಆಮೇಲೆ ಸ್ನಾನ, ಪೂಜೆ, ಊಟ. ಮನೆಮನೆ ಸುತ್ತುವ ನಮ್ಮ ಅಯ್ಯನವರು ಒಂದು ದಿನ ಬಂದು, ಮೂರು ಗಂಟೆಗೆ ವಿಭೂತಿ ಧರಿಸುತ್ತಿದ್ದ ಅವಳನ್ನು ಕಂಡು ಹುಬ್ಬೇರಿಸಿದರು.

"ಇದೇನು ತಾಯಿ, ಬೆಳಗಿನ ಪೂಜೆ ಇಷ್ಟೊತ್ತಿಗಾ?"

"ನೀರು ಕಾದಾಗ್ಲೇ ನಂಗೆ ಬೆಳಗು, ಅಯ್ಯನೋರೇ."

ಅಯ್ಯನವರು ಯೋಚಿಸಿ, ಇದರಲ್ಲಿ ದೋಷವಿಲ್ಲ ಅಂತ ತೀರ್ಮಾನ ಕೊಟ್ಟರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರೇ, ಮೋಡ ಮುಚ್ಚಿದ ದಿನ ಏನು ಮಾಡ್ತೀರಿ?" ಎಂದರು.

"ಅವತ್ತು ನಮ್ಮ ಮನೇಲಿ ಬೆಳಗೇ ಆಗೋದಿಲ್ಲ" ಎಂದೆ. ಅವರು ನಕ್ಕರು. ಆ ಆಷಾಢದಲ್ಲಿ ಹಾಗೆ ಆರು ದಿನ ಬೆಳಗಾಗಲಿಲ್ಲ.

ವಿಚಾರಣೆ

ಪೆಟ್ಟಿಗೆಯ ಗಾಜು ಬಿಸಿಲಿಗೆ ಥಳಥಳಿಸುವುದು ಬೆಟ್ಟದ ಕೋಟೆಯ ಮೇಲಕ್ಕೂ ಕಾಣುತ್ತಿತ್ತಂತೆ. ದನ ಕಾಯಲು ಹತ್ತಿದವರು ಯಾರೋ ನೋಡಿ ಹೇಳಿದರು, ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಮೇಷ್ಟ್ರು ಜಪಾನಿನ ವಿಮಾನಕ್ಕೆ ಸನ್ನೆ ಮಾಡುತ್ತಿದ್ದಾರೆ ಅಂತ ಆಯಿತು. ಕಂದಾಯ ಇಲಾಖೆಯ ಶೇಕದಾರರು ಕುದುರೆಯ ಮೇಲೆ ಬಂದಿಳಿದರು. ಜೊತೆಗೆ ಊರ ಪಟೇಲರು.

"ಏನ್ರೀ ಇದು?" ಎಂದರು ಶೇಕದಾರರು.

"ನೀರು ಕಾಯಿಸೋ ಪೆಟ್ಟಿಗೆ, ಸ್ವಾಮಿ."

"ಬೆಂಕಿ ಎಲ್ಲಿ?"

ನಾನು ಆಕಾಶ ತೋರಿಸಿದೆ. ಅವರು ಥಟ್ಟನೆ ತಲೆಯೆತ್ತಿ ವಿಮಾನ ಹುಡುಕಿದರು. ಪಟೇಲರು ಆಗಲೇ ಜಗಲಿಯ ಕಂಬದ ಹಿಂದೆ ನಿಂತಿದ್ದರು.

ನನ್ನ ಕೆಲಸ ಹೋದರೆ ಇವಳ ಗತಿ ಏನು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಶೇಕದಾರರು ಗಾಜು ಸರಿಸಿ ಬೆರಳದ್ದಿ, ಹಿಂದಕ್ಕೆಳೆದುಕೊಂಡು, ಕಾಗದ ತೆಗೆದು ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿ ನನ್ನ ರುಜು ಕೇಳಿದರು: "ಸ್ಥಳಕ್ಕೆ ಹೋಗಿ ನೋಡಲಾಗಿ, ಬೆಂಕಿಯಿಲ್ಲದೆ ನೀರು ಕಾದಿದೆ. ಇದಕ್ಕೆ ಕಾರಣ ಯಾರೆಂದು ಕೇಳಲಾಗಿ, ಸೂರ್ಯ ಎಂದು ತಿಳಿದುಬಂತು. ಆತನ ಹೇಳಿಕೆ ಪಡೆಯಲು ಸಾಧ್ಯವಾಗಿರುವುದಿಲ್ಲ."

ಹದ

ಮಾರನೆಯ ವರ್ಷ ಬೇಸಿಗೆಯಲ್ಲಿ ವಾತ ಎದೆಗೆ ಇಳಿಯಿತು. ಅವಳ ದೊಡ್ಡಮ್ಮ ಪಾವಗಡದ ಕಡೆಯಿಂದ ಗಾಡಿ ಕಟ್ಟಿಸಿಕೊಂಡು ಬಂದು ನೋಡಿಕೊಳ್ಳಲು ನಿಂತರು. ಅರ್ಧ ತೆಲುಗು, ಅರ್ಧ ಕನ್ನಡದ, ಗಟ್ಟಿ ಮನಸ್ಸಿನ ಮುದುಕಿ. ಎರಡು ದಿನ ಹೆಂಡತಿ ಹಾಸಿಗೆಯಿಂದ ಏಳಲಿಲ್ಲ, ಪೆಟ್ಟಿಗೆಯ ನೀರು ಯಾರಿಗೂ ನೆನಪಾಗಲಿಲ್ಲ. ಮೂರನೆಯ ದಿನ ಬೆಳಗ್ಗೆ, ನಾನು ಗಂಜಿ ಆರಿಸುತ್ತಿದ್ದಾಗ, ಹೋಗಿಬಿಟ್ಟಳು.

ನೆಂಟರು ಬಂದು ಸೇರುವಷ್ಟರಲ್ಲಿ ಮಧ್ಯಾಹ್ನವಾಯಿತು. ನಮ್ಮಲ್ಲಿ ದೇಹವನ್ನು ಕೂರಿಸಿಯೇ ಮಣ್ಣು ಮಾಡುವುದು. ಅಂಗಳದಲ್ಲಿ ಸೀರೆ ಮರೆ ಕಟ್ಟಿ, ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದರು. ತಲೆ ಸ್ವಲ್ಪ ವಾಲಿತ್ತು. ಬಿಸಿಲಿಗೆ ಮುಖ ಕೊಟ್ಟು, ಸ್ನಾನಕ್ಕೆ ಕಾದು ಕೂತವಳ ಹಾಗೇ ಇದ್ದಳು. ಸೌದೆ ಹೊಂದಿಸಲು ಯಾರೋ ಹೊರಟರು. ಬೇಡ ಅಂತ ಹೇಳಿ, ಪೆಟ್ಟಿಗೆಯಿಂದ ಡಬ್ಬ ಎತ್ತಿ ತಂದೆ.

ದೊಡ್ಡಮ್ಮ ಚೊಂಬು ಅದ್ದಿದವರು ಕೈ ಕೊಡವಿದರು. "ಅಯ್ಯಯ್ಯೋ, ಸುಡ್ತೈತೆ ನಾಯನಾ! ತಣ್ಣೀರು ಬೆರ್ಸು, ಪಿಲ್ಲಗೆ ಮೈ ಬೊಬ್ಬೆ ಬಂದೀತು!"

ಮರೆಯ ಆಚೆ ತಣ್ಣೀರಿನ ಕೊಡ ಹಿಡಿದು ನಿಂತಿದ್ದ ಪಟೇಲರ ಕೈಯಿಂದ ಕೊಡ ಇಸಿದುಕೊಂಡು ಬೆರೆಸಿದೆ. ಮೊಣಕೈ ಅದ್ದಿ ಹದ ನೋಡಿದೆ. ದಿನಾ ಕೇಳುತ್ತಿದ್ದ ಮಾತು ಬಾಯಿಗೆ ತಾನೇ ಬಂತು.

"ಇಷ್ಟು ಸಾಕಾ, ಇನ್ನೂ ಸ್ವಲ್ಪ ತಣ್ಣೀರು ಬೇಕಾ?" ಅಂತ ಅವಳನ್ನು ಕೇಳಿದೆ. ಕೇಳಿ, ಉತ್ತರಕ್ಕೆ ಕಾದೆ.

ಮರೆಯ ಆಚೆಯಿಂದ ಪಟೇಲರು ಕೂಗಿದರು, "ಏನಂದ್ರು ಮೇಷ್ಟ್ರೇ? ಇನ್ನೊಂದು ಕೊಡ ತರ್ಲಾ?"

ದೊಡ್ಡಮ್ಮ ಸೆರಗು ಬಾಯಿಗೆ ತುರುಕಿಕೊಂಡರು. ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ ನೋಡಿದರೆ ನಾನೂ ಹಾಗೇ, ಚೊಂಬು ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವಂತೆ ನಗುತ್ತಿದ್ದೆ. ಆಚೆ ನಿಂತ ಪಟೇಲರು ಮಾತ್ರ, ಪಾಪ, ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು.