ಟೀಚರ್ ಬಾಯಿಂದ ಒಂದು ಶಾಬಾಸ್

ದೊಡ್ಡವರ ಹೆಗಲಿಗೆ ಶಾಲು ಬೀಳುವ ಕಡೆಯೆಲ್ಲ ಏನಾದರೊಂದು ನಗು ಎದ್ದೇ ಏಳುತ್ತದೆ. ಇಷ್ಟು ವರ್ಷದಲ್ಲಿ ಅದು ತಪ್ಪಿದ್ದನ್ನು ನಾನು ಕಂಡಿಲ್ಲ.

ಬೀದರದಲ್ಲಿ ನನ್ನದು ಸನ್ಮಾನದ ಸಾಮಾನಿನ ಅಂಗಡಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಇಟ್ಟಿದ್ದೇನೆ. ಪೇಟಾ ಮಾತ್ರ ನನ್ನ ಕೈಯಾರೆ ಕಟ್ಟುತ್ತೇನೆ. ನನ್ನೂರು ಬಗದಲ್ ಬಿಟ್ಟು ಇಲ್ಲಿಗೆ ಬಂದಾಗ ನನಗೆ ಒಂದಕ್ಷರ ಬರುತ್ತಿರಲಿಲ್ಲ. ಸ್ಮರಣಿಕೆಗಳ ಮೇಲೆ ಹೆಸರು ಬರೆಸುತ್ತ ಬರೆಸುತ್ತ ಓದು ಕಲಿತೆ. ಉಳಿದವರು ‘ಅಮ್ಮ’, ‘ಆಡು’ ಎಂದು ಶುರು ಮಾಡಿದರೆ ನಾನು ಶುರು ಮಾಡಿದ್ದೇ ‘ಸನ್ಮಾನ್ಯ ಶ್ರೀ’ಯಿಂದ. ಈಗ ಕೈಗೆ ಸಿಕ್ಕ ಪುಸ್ತಕ ಮುಗಿಸದೆ ಕೆಳಗಿಡುವುದಿಲ್ಲ. ಓದನ್ನೂ ಅಂಗಡಿಯನ್ನೂ ಯಾರೂ ನನಗೆ ಕೊಟ್ಟದ್ದಲ್ಲ. ಆದ್ದರಿಂದ ಎರಡರ ವಿಷಯದಲ್ಲೂ ಯಾರ ಮಾತೂ ಕೇಳುವುದಿಲ್ಲ.

ವಿಶ್ವವಿದ್ಯಾಲಯದವರು ತಮ್ಮ ಹಳೆಯ ಆಟಗಾರರಿಗೂ ಅವರನ್ನು ತಯಾರು ಮಾಡಿದವರಿಗೂ ಸನ್ಮಾನ ಇಟ್ಟುಕೊಂಡರು. ಅಲ್ಲಿಯ ಫಿಜಿಕಲ್ ಡೈರೆಕ್ಟರ್ ಸಾಹೇಬರು ಅಂಗಡಿಗೆ ಬಂದರು.

“ಅಕ್ಕಾರ, ಗಂಡಸರಿಗೆ ರೆಡಿಮೇಡ್ ಪೇಟಾ, ಹೆಣ್ಮಕ್ಕಳಿಗೆ ಹಣ್ಣಿನ ಬುಟ್ಟಿ. ಕಟ್ಟಿ ಇಟ್ಟುಬಿಡ್ರಿ.”

“ರೆಡಿಮೇಡ್ ನನ್ನಲ್ಲಿಲ್ರಿ. ತಲಿ ನೋಡಲಾರ್ದ ನಾ ಪೇಟಾ ಕಟ್ಟಂಗಿಲ್ಲ. ಮತ್ತ ಹೆಣ್ಮಕ್ಕಳಿಗೆ ಯಾಕ ಬ್ಯಾಡ್ರಿ ಪೇಟಾ? ಅವರೇನು ತಲಿ ಮನ್ಯಾಗ ಇಟ್ಟು ಓಡಿದ್ರೇನು?”

ಸಾಹೇಬರು ಜೀಪಿನ ಬಾಗಿಲು ತೆರೆದರು. ಅವರಿಗೆ ಮನೆಮನೆಗೆ ಹೋಗಿ ಆಮಂತ್ರಣ ಕೊಡುವ ಕೆಲಸ, ನನಗೆ ತಲೆಗಳ ಅಳತೆ.

ಚಿತ್ ಆಗದವರು

ಮೊದಲು ಔರಾದಿಗೆ ಹೋದೆವು. ವಿಶ್ವವಿದ್ಯಾಲಯದ ಹುಡುಗರಿಗೆ ಕುಸ್ತಿ ಕಲಿಸಿದ ಪೈಲ್ವಾನರ ಮನೆ ಅಲ್ಲಿ. ಎಪ್ಪತ್ತು ದಾಟಿದವರು. ಅವರು ಬಾಗಿಲಲ್ಲಿ ಬಂದು ನಿಂತಾಗ ಮನೆಯೊಳಗೆ ಕತ್ತಲಾಯಿತು. ಕಿವಿಗಳು ಅಖಾಡದಲ್ಲಿ ಉಜ್ಜಿ ಉಜ್ಜಿ ಮುದುಡಿಹೋಗಿದ್ದವು. ತಲೆ ಎಲ್ಲಿ ಮುಗಿಯಿತು, ಕುತ್ತಿಗೆ ಎಲ್ಲಿ ಶುರುವಾಯಿತು ಎನ್ನುವುದು ನನ್ನ ಟೇಪಿಗೆ ತಿಳಿಯಲಿಲ್ಲ. ಇಂಥ ಆಳನ್ನು ನೋಡುವಾಗ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ನನ್ನದೂ ಮುಚ್ಚಿತ್ತು, ಅದು ಸಣ್ಣ ಸಂಗತಿಯಲ್ಲ.

“ಇವರ ಬೆನ್ನು ಇದುವರೆಗೂ ಮಣ್ಣು ಕಂಡಿಲ್ರಿ” ಎಂದರು ಸಾಹೇಬರು.

“ಮಣ್ಣು ಬಿಡ್ರಿ, ಹಾಸಿಗಿ ಸುದ್ದಾ ಕಂಡಿಲ್ಲ” ಎನ್ನುತ್ತ ಒಳಗಿನಿಂದ ಪೈಲ್ವಾನರ ಹೆಂಡತಿ ಚಹಾ ತಂದರು. ಗಂಡನ ಮೊಣಕೈಗೂ ಬಾರದಷ್ಟು ಸಣ್ಣ ಹೆಂಗಸು. “ಲಗ್ನಾದಾಗಿಂದ ನೋಡಲಿಕ್ಕತ್ತೀನಿ, ಮಲಗೂದು ಬರೇ ಮಗ್ಗಲಾಗ. ಅಂಗಾತ ಮಲಗಿದ್ರ ಸೋತಂಗಂತ.”

“ಉಸ್ತಾದರ ಮುಂದ ಆಣಿ ಮಾಡೀನಿ” ಎಂದರು ಪೈಲ್ವಾನರು ಗಂಭೀರವಾಗಿ.

ಹೋದ ವರ್ಷ ಅವರ ಕಣ್ಣಿಗೆ ಆಪರೇಷನ್ ಆಗಬೇಕಿತ್ತಂತೆ. ಡಾಕ್ಟರು ಅಂಗಾತ ಮಲಗಿರಿ ಎಂದರು. ಇವರು ಒಪ್ಪಲಿಲ್ಲ. “ಕೊಲ್ಹಾಪುರದವರ ಕೈಲಿ ಚಿತ್ ಆಗಿಲ್ಲ, ನಿಮ್ಮ ಕೈಲಿ ಆಗ್ತೀನೇನ್ರಿ?” ಎಂದರು. ನರ್ಸುಗಳು ಹೆಗಲು ಒತ್ತಿದರು, ಕಾಂಪೌಂಡರ್ ಬಂದು ಕಾಲು ಹಿಡಿದ. ಗುಡ್ಡ ಅಲುಗಲಿಲ್ಲ. ಕಡೆಗೆ ಹೆಂಡತಿಯನ್ನು ಒಳಗೆ ಕರೆಸಿದರು.

“ನೀವೇನು ಮಾಡಿದ್ರಿ?” ಎಂದು ಕೇಳಿದೆ.

“ಏನಿಲ್ರಿ. ‘ಮಂಚ ಕೆಳಗ ಅದ, ನೀವು ಮ್ಯಾಲ ಇದ್ದೀರಿ. ಗೆದ್ದವರು ಯಾರು?’ ಅಂದೆ. ಧಪ್ಪಂತ ಮಲಗಿದ್ರು.”

ಕುರಿಯೂ ಕ್ಯಾಪ್ಟನ್ನೂ

ಮರುದಿನ ಭಾಲ್ಕಿ. ವಿಶ್ವವಿದ್ಯಾಲಯದ ಖೋ-ಖೋ ತಂಡಕ್ಕೆ ಒಂದು ಕಾಲದಲ್ಲಿ ಕ್ಯಾಪ್ಟನ್ ಆಗಿದ್ದವರು ಊರಾಚೆಯ ಹೊಲದಲ್ಲಿದ್ದಾರೆ ಎಂದರು. ಅವರದು ಕುರಿ ಸಾಕುವ ಮನೆತನ. ನಾವು ಜೀಪು ಇಳಿಯುವ ಹೊತ್ತಿಗೆ ಒಂದು ಟಗರು ಹಿಂಡು ಬಿಟ್ಟು ತೊಗರಿ ಹೊಲದ ಕಡೆ ಓಡುತ್ತಿತ್ತು. ಸಾಹೇಬರು ಕೈ ಅಗಲಿಸಿ ಅಡ್ಡ ನಿಂತರು. ಟಗರು ಅವರನ್ನು ನೋಡಿತು, ಇವರಿಂದೇನೂ ಆಗುವುದಿಲ್ಲ ಎಂದು ಮಗ್ಗುಲಿಂದ ದಾಟಿತು.

ಆಗ ಕಚ್ಚೆ ಹಾಕಿದ ನರೆಗೂದಲಿನ ಹೆಂಗಸೊಬ್ಬರು ಎಲ್ಲಿಂದಲೋ ಬಂದರು. ನೇರ ಬೆನ್ನಟ್ಟಲಿಲ್ಲ. ಟಗರು ಯಾವ ಕಡೆ ಹೊರಳುತ್ತದೆ ಎಂದು ಅದಕ್ಕಿಂತ ಮೊದಲೇ ತಿಳಿದವರಂತೆ ಅಲ್ಲಿ ಹೋಗಿ ನಿಂತಿದ್ದರು. ಬೆನ್ನ ಮೇಲೆ ಕೈ ಬಿತ್ತು. ಟಗರು ಔಟ್. ಮೊಮ್ಮಕ್ಕಳನ್ನು ಕಂಡ ಹೆಂಗಸು ಹಾಗೆ ಓಡಿದ್ದು ನೋಡಿ ನನ್ನ ಕೈಯ ಟೇಪು ನೆಲಕ್ಕೆ ಬಿದ್ದಿತ್ತು.

ಅವರೇ ಆ ಕ್ಯಾಪ್ಟನ್. ಸನ್ಮಾನದ ಸುದ್ದಿ ಕೇಳಿ ಹಿಗ್ಗಲಿಲ್ಲ. ಒಂದೇ ಪ್ರಶ್ನೆ ಕೇಳಿದರು: “ಟೀಚರ್ ಬರ್ತಾರೇನ್ರಿ?”

ಇವರನ್ನು ಆಟಕ್ಕೆ ಇಳಿಸಿದ ಕೋಚ್ ಟೀಚರು ಬೀದರದಲ್ಲಿದ್ದಾರೆ. ಅವರು ಯಾರಿಗೂ ಎಂದೂ ಶಾಬಾಸ್ ಎಂದವರಲ್ಲ. ಕ್ಯಾಪ್ಟನ್ನರು ಫೈನಲ್ ಗೆದ್ದು, ಕಪ್ ಎತ್ತಿಕೊಂಡು ಓಡಿ ಹೋಗಿ ಟೀಚರ್ ಮುಂದೆ ನಿಂತರಂತೆ. ಟೀಚರು ಕಪ್ ನೋಡಲೇ ಇಲ್ಲ. “ಕಂಬದ ಹತ್ರ ತಡಾ ಮಾಡಿದಿ” ಎಂದು ಹೊರಟುಹೋದರು.

“ಈಗೂ ಟಗರು ಹಿಡದಾಗ ಒಮ್ಮಿ ಹಿಂದ ಹೊರಳಿ ನೋಡ್ತೇನಿ, ಟೀಚರ್ ಅದಾರೇನಂತ” ಎಂದು ಕ್ಯಾಪ್ಟನ್ನರು ನಕ್ಕರು. ಕಣ್ಣು ನಗಲಿಲ್ಲ. “ಅವರು ಒಮ್ಮಿ ಶಾಬಾಸ್ ಅಂದ್ರ ಸಾಕ್ರಿ.”

“ಮತ್ತ ಶಾಲು?” ಎಂದರು ಸಾಹೇಬರು.

ಕ್ಯಾಪ್ಟನ್ನರು ಹಿಂಡಿನ ಕಡೆ ಕೈ ತೋರಿಸಿದರು. “ಇಷ್ಟು ಕುರಿ ಉಣ್ಣೆ ಬೆಳಸಿದಾಕಿಗಿ ಶಾಲು ಏನು ದೊಡ್ಡದ್ರಿ?”

ಅಳತೆ ತೆಗೆದುಕೊಂಡೆ. ಇವರ ಪೇಟಾ ಓಡಿದರೂ ಬೀಳದಂತೆ ಕಟ್ಟಬೇಕು ಎಂದು ಅಲ್ಲೇ ನಿಶ್ಚಯ ಮಾಡಿದೆ.

ಹೊಟ್ಟೆ ಒಳಗೆ

ಟೀಚರ ಮನೆ ಬೀದರದ ಹಳೆಯ ಚರ್ಚಿನ ಹಿಂದಿನ ಓಣಿಯಲ್ಲಿ. ಎಂಬತ್ತು ಮೀರಿದೆ, ಬೆನ್ನು ಮಾತ್ರ ಗೋಡೆಗಿಂತ ನೆಟ್ಟಗೆ. ಕೊರಳಲ್ಲಿ ಶಿಲುಬೆ, ಅದರ ಜೊತೆಗೆ ಸೀಟಿ. ಓಣಿಯಲ್ಲಿ ಆಟೋದವರು ಅಡ್ಡಾದಿಡ್ಡಿ ನಿಲ್ಲಿಸಿದರೆ ಸೀಟಿ ಊದುತ್ತಾರಂತೆ. ಟ್ರಾಫಿಕ್ ಪೊಲೀಸರೂ ಆ ಓಣಿಗೆ ಬಂದರೆ ಟೋಪಿ ಸರಿ ಮಾಡಿಕೊಳ್ಳುತ್ತಾರಂತೆ.

ಸಾಹೇಬರೂ ಅವರ ಕೈಯಲ್ಲೇ ಪಳಗಿದವರೆಂದು ನನಗೆ ಗೊತ್ತಿರಲಿಲ್ಲ. ಮಂತ್ರಿಗಳ ಜೊತೆ ಸೊಂಟದ ಮೇಲೆ ಕೈಯಿಟ್ಟು ಮಾತಾಡುವ ಮನುಷ್ಯ ಇಲ್ಲಿ ಹಿಮ್ಮಡಿ ಜೋಡಿಸಿ ನಿಂತಿದ್ದರು.

“ಬರಂಗಿಲ್ಲ” ಎಂದರು ಟೀಚರು. “ಹೊಗಳಿಸ್ಕೊಳ್ಳಿಕ್ಕಿ ನನಗ ಹೊತ್ತಿಲ್ಲ.”

ನಾನು ಸುಮ್ಮನಿರುವವಳಲ್ಲ. “ಟೀಚರ್, ನೀವು ಯಾರಿಗೂ ಶಾಬಾಸ್ ಅನ್ನಂಗಿಲ್ಲಂತಲ್ರಿ, ಯಾಕ್ರಿ?”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹೊಗಳಿಸ್ಕೊಂಡ ಹುಡುಗಿ ಹಿಂದ ಹೊರಳಿ ನೋಡ್ತಾಳ. ಹೊರಳಿ ನೋಡಿದಾಕಿ ಔಟ್ ಆಗ್ತಾಳ.”

ಬೇರೆ ದಾರಿ ಹಿಡಿದೆ. “ಬಿಡ್ರಿ ಟೀಚರ್, ಹತ್ತಕ್ಕಂತ ಹೇಳ್ಯಾರ. ಹನ್ನೆರಡರ ಮಟ ಶುರುವಾಗೂದೇ ಇಲ್ಲ. ನೀವ್ಯಾಕ ಬಿಸಲಾಗ ಹೈರಾಣಾಗ್ತೀರಿ?”

“ಏನು? ಹನ್ನೆರಡು?” ಟೀಚರ ಕೈ ಸೀಟಿಗೆ ಹೋಯಿತು. “ಹತ್ತಂದ್ರ ಹತ್ತು. ನಾ ಬರ್ತೇನಿ. ಯಾರು ತಡಾ ಮಾಡ್ತಾರ ನೋಡ್ತೇನಿ.”

ಹೊರಡುವಾಗ ಸಾಹೇಬರ ಕಡೆ ತಿರುಗಿ, “ಹೊಟ್ಟಿ ಒಳಗ” ಎಂದರು.

ಜೀಪು ನನ್ನ ಅಂಗಡಿ ಮುಟ್ಟುವವರೆಗೂ ಆ ಹೊಟ್ಟೆ ಹೊರಗೆ ಬರಲಿಲ್ಲ.

ಕುಲಪತಿಗಳು ಕೂತದ್ದು

ಸನ್ಮಾನದ ದಿನ ಹತ್ತಕ್ಕೆ ಸರಿಯಾಗಿ ಸಭಾಭವನದಲ್ಲಿ ಟೀಚರ ಸೀಟಿ ಮೊಳಗಿತು. ಕುಲಪತಿಗಳು ಆಫೀಸಿನಿಂದ ಓಡುತ್ತ ಬಂದರು. ಹೊರಗೆ ಚಹಾ ಕುಡಿಯುತ್ತಿದ್ದವರೆಲ್ಲ ಕಪ್ಪು ಅಲ್ಲಲ್ಲೇ ಇಟ್ಟು ಒಳಗೆ ಬಂದರು.

ಪೈಲ್ವಾನರ ಸನ್ಮಾನ ಮೊದಲು ಆಯಿತು. ಕುಸ್ತಿಯಲ್ಲಿ ಚಪ್ಪಾಳೆ ಎದ್ದರೆ ಗೆದ್ದವರನ್ನು ಮೇಲೆತ್ತಿ ಜನರಿಗೆ ತೋರಿಸುವುದು ರೂಢಿ. ಚಪ್ಪಾಳೆ ಬಿದ್ದದ್ದೇ ತಡ, ಪೈಲ್ವಾನರು ಹತ್ತಿರ ಸಿಕ್ಕ ಕುಲಪತಿಗಳನ್ನೇ ಎತ್ತಿ, ನಾಲ್ಕು ದಿಕ್ಕಿಗೂ ತೋರಿಸಿ, ಜೋಪಾನವಾಗಿ ಕೆಳಗಿಟ್ಟರು. ಕುಲಪತಿಗಳು ಒಳ್ಳೆಯ ಮನುಷ್ಯ, ಕನ್ನಡಕ ಸರಿ ಮಾಡಿಕೊಂಡು ನಕ್ಕರು. ಪಾಪ, ತಮ್ಮ ಪಾಲಿನದು ಮುಗಿಯಿತೆಂದು ತಿಳಿದಿದ್ದರು.

ಮುಂದೆ ಖೋ-ಖೋ ತಂಡ. ಎಲ್ಲರೂ ಅಜ್ಜಿಯರು, ಎಲ್ಲರ ತಲೆಯ ಮೇಲೂ ನನ್ನ ಪೇಟಾ. ವೇದಿಕೆಯ ಮೇಲೆ ಜಮಖಾನೆ ಹಾಸಿತ್ತು. ಫೋಟೋಕ್ಕಾಗಿ ಸಾಲಾಗಿ ಕೂತುಕೊಳ್ಳಿ ಎಂದು ಸಾಹೇಬರು ಹೇಳಿದರು. ಮಾತಾಡುತ್ತ ನಿಂತವರು ಬೇಗ ಕೂಡಲಿಲ್ಲ. ಟೀಚರು ಸೀಟಿ ಊದಿದರು.

ಊದಿದ್ದೇ ತಡ, ಇಡೀ ತಂಡ ಕುಕ್ಕರಗಾಲಲ್ಲಿ ಕೂತಿತು. ಖೋ-ಖೋದಲ್ಲಿ ಹೇಗೆ ಕೂಡುತ್ತಾರೋ ಹಾಗೆ: ಒಬ್ಬರ ಮುಖ ಜನರ ಕಡೆ, ಪಕ್ಕದವರ ಮುಖ ಹಿಂದಿನ ಪರದೆಯ ಕಡೆ, ಆಮೇಲೆ ಮತ್ತೆ ಜನರ ಕಡೆ. ನೆಲಕ್ಕೆ ಬೆರಳು ಊರಿ, ಏಳಲು ತಯಾರಾಗಿ. ಮೊಣಕಾಲಿನ ಸದ್ದು ಮುಂದಿನ ಸಾಲಿನವರೆಗೆ ಕೇಳಿಸಿತು, ಆದರೆ ಒಬ್ಬರೂ ತಪ್ಪಲಿಲ್ಲ. ಇಷ್ಟು ಕಾಲ ಕಳೆದರೂ ಮೈ ಆಟವನ್ನು ಮರೆತಿರಲಿಲ್ಲ.

“ಅಮ್ಮಾರ, ಜರಾ ಈ ಕಡಿ ನೋಡ್ರಿ” ಎಂದು ಫೋಟೋದವನು ಬೇಡಿಕೊಂಡ. ಪರದೆಯ ಕಡೆ ಕೂತವರು ಅಲುಗಲಿಲ್ಲ. ಸೀಟಿ ಹೇಳಿದ್ದು ಒಂದು, ಫೋಟೋದವನು ಹೇಳುವುದು ಇನ್ನೊಂದು.

ಕ್ಯಾಪ್ಟನ್ನರೂ ಪರದೆಯ ಕಡೆ ಮುಖ ಮಾಡಿದ್ದರು. ಕುಲಪತಿಗಳು ಹಿಂದಿನಿಂದಲೇ ಶಾಲು ಹೊದಿಸಿ, ಪ್ರೀತಿಯಿಂದ ಬೆನ್ನ ಮೇಲೆ ಕೈಯಿಟ್ಟರು. ಕ್ಯಾಪ್ಟನ್ನರ ಮೈ ಬಿಲ್ಲಿನಂತೆ ಬಿಗಿದುಕೊಂಡಿತು. ಏಳಲಿಲ್ಲ.

ಟೀಚರು ಮತ್ತೆ ಸೀಟಿ ಊದಿದರು. “ಫೌಲ್! ಬರೇ ಮುಟ್ಟಿದ್ರ ಆಗಂಗಿಲ್ಲ. ಬಾಯಿಲೆ ಅನ್ರಿ.”

ಕುಲಪತಿಗಳು ಸುತ್ತ ನೋಡಿದರು. ಯಾರೂ ನೆರವಿಗೆ ಬರಲಿಲ್ಲ. ಮೆಲ್ಲಗೆ, “ಖೋ” ಎಂದರು.

ಕ್ಯಾಪ್ಟನ್ನರು ಹಾರಿದರು. ನಿಜವಾಗಿಯೂ ಹಾರಿದರು. ಶಾಲು ಅಲ್ಲೇ ಉಳಿಯಿತು.

“ಕುಂದರ್ರಿ!” ಎಂದರು ಟೀಚರು ಕುಲಪತಿಗಳಿಗೆ. “ಖೋ ಕೊಟ್ಟವರು ಆ ಜಾಗಾದಾಗ ಕುಂದ್ರಬೇಕು.” ಕುಲಪತಿಗಳು ಪರದೆಯ ಕಡೆ ಮುಖ ಮಾಡಿ ಅಜ್ಜಿಯರ ನಡುವೆ ಕುಕ್ಕರಗಾಲಲ್ಲಿ ಕೂತರು.

ಎದುರಿಗೆ ಹಣ್ಣಿನ ತಟ್ಟೆ ಹಿಡಿದು ಸಾಹೇಬರು ನಿಂತಿದ್ದರು. ಕ್ಯಾಪ್ಟನ್ನರು ಕೈ ಚಾಚಿ ಬರುವುದನ್ನು ಕಂಡು ತಟ್ಟೆಯ ಸಮೇತ ಓಟ ಕಿತ್ತರು. ಟೀಚರು ಕಲಿಸಿದ್ದು ಅವರ ಮೈಯಲ್ಲೂ ಇತ್ತಲ್ಲ! ಕಿತ್ತಳೆ ಹಣ್ಣುಗಳು ಉರುಳಿದವು. ಸಾಹೇಬರು ಸಾಲು ಬಳಸಿ ಆ ಕಡೆ ನುಗ್ಗಿದರು. ಕ್ಯಾಪ್ಟನ್ನರು ತುದಿಯಲ್ಲಿದ್ದ ಮೈಕಿನ ಕಂಬಕ್ಕೆ ಒಂದು ಕೈ ಕೊಟ್ಟು, ಗಾಳಿಯಂತೆ ಹೊರಳಿ ಎದುರು ಬಂದರು. ಕಂಬದ ಹತ್ತಿರ ಒಂದು ಚೂರೂ ತಡವಾಗಲಿಲ್ಲ. ಸಾಹೇಬರ ಹೆಗಲಿಗೆ ಕೈ ಬಿತ್ತು. ಪೇಟಾ? ಇದ್ದಲ್ಲೇ ಇತ್ತು, ಕಟ್ಟಿದವಳು ನಾನು.

ಸಭೆ ಚಪ್ಪಾಳೆ ಹೊಡೆಯುತ್ತ ಎದ್ದು ನಿಂತಿತು. ನನ್ನ ಕಣ್ಣಲ್ಲಿ ನೀರು. ಕ್ಯಾಪ್ಟನ್ನರು ಏದುಸಿರು ಬಿಡುತ್ತ ಟೀಚರ ಮುಂದೆ ಹೋಗಿ ನಿಂತರು, ಆವತ್ತು ಕಪ್ ಹಿಡಿದು ನಿಂತ ಹಾಗೆ. ಟೀಚರು ಅವರನ್ನು ನೋಡಿದರು, ಮೈಕಿನ ಕಂಬವನ್ನು ನೋಡಿದರು. ಬಾಯಿಂದ ಸೀಟಿ ತೆಗೆದರು. ಪಕ್ಕದಲ್ಲೇ ಇದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು: “ಶಾಬಾಸ್.”

ಕ್ಯಾಪ್ಟನ್ನರು ಅಲ್ಲೇ ನಿಂತರು. “ಟೀಚರ್, ಚಪ್ಪಾಳಿ ಗದ್ದಲದಾಗ ಏನೂ ಕೇಳಸಲಿಲ್ರಿ. ಇನ್ನೊಮ್ಮಿ ಅನ್ರಿ.”

ಟೀಚರು ಸೀಟಿಯನ್ನು ಮತ್ತೆ ಬಾಯಿಗೆ ಹಿಡಿದರು. “ಹಂಗಾದ್ರ ಇನ್ನೊಮ್ಮಿ ಓಡು.”

ಕ್ಯಾಪ್ಟನ್ನರು ಹೊರಳುವಷ್ಟರಲ್ಲಿ ಸಾಹೇಬರು ತಟ್ಟೆ ಕೆಳಗಿಟ್ಟು, ಹೊಟ್ಟೆ ಒಳಗೆಳೆದುಕೊಂಡು, ಅರ್ಧ ವೇದಿಕೆ ದಾಟಿದ್ದರು.